ಮೆದುಳಿನ ಸಂಶೋಧನೆಗೆ ಕೊಡುವ ಹಣವನ್ನು ನಡುವೆ ನಿಲ್ಲಿಸಬೇಡಿ

ವಿಜ್ಞಾನ ಸಂಶೋಧನೆಗೆ ಸಾರ್ವಜನಿಕ ಹಣ ಹಂಚುವ ಮಂತ್ರಿಗಳಿಗೆ, ಜನಪ್ರತಿನಿಧಿಗಳಿಗೆ, ಅಧಿಕಾರಿಗಳಿಗೆ ಮತ್ತು ಅನುದಾನ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ನೀವು ಯಾವ ದೇಶದವರೇ ಆಗಿರಿ, ಈ ಪತ್ರ ನಿಮಗೂ ಸೇರಿದ್ದು. ಮೆದುಳು ಮತ್ತು ನರಗಳ ಕಾಯಿಲೆ ಎಲ್ಲ ಕಡೆ ಇದೆ. ಅದರ ಸಂಶೋಧನೆಗೆ ಹಣ ಕೇಳಿ ಬಂದವರು ಎದುರಿಸುವ ಪ್ರಶ್ನೆಯೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: "ಇದರಿಂದ ಮೂರು ವರ್ಷದಲ್ಲಿ ರೋಗಿಗಳಿಗೆ ಏನು ಸಿಗುತ್ತದೆ?" ಹಾಗೆ ಕೇಳುವುದು ತಪ್ಪಲ್ಲ. ಅದು ಜನರ ದುಡ್ಡು, ಲೆಕ್ಕ ಕೇಳಲೇಬೇಕು. ಆದರೆ ಮೆದುಳಿನ ವಿಷಯಕ್ಕೆ ಮೂರು ವರ್ಷದ ಅಳತೆ ಸಾಲುವುದಿಲ್ಲ. ಈ ಕಾಯಿಲೆಗಳಿಗೆ ಇವತ್ತು ನಮ್ಮ ಕೈಯಲ್ಲಿರುವ ಕೆಲವು ಒಳ್ಳೆಯ ಚಿಕಿತ್ಸೆಗಳ ಹಿಂದೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಕೆಲಸ ಇದೆ. ಅಷ್ಟು ಕಾಲ ಕಾಯುವುದು ಕಂಪನಿಗಳಿಗೆ ಆಗದು. ದಾನಿಗಳಿಗೂ ಕಷ್ಟ. ಸಾರ್ವಜನಿಕ ಹಣ ಕಾಯಬಲ್ಲದು. ಅದಕ್ಕೇ ನನ್ನ ಕೋರಿಕೆ ಇಷ್ಟು: ಈ ಕೆಲಸಕ್ಕೆ ದೀರ್ಘ ಕಾಲಕ್ಕೆ ಹಣ ಕೊಡಿ, ಕೊಟ್ಟ ಮೇಲೆ ನಡುವೆ ನಿಲ್ಲಿಸಬೇಡಿ.

ಹೊರೆ ಎಷ್ಟಿದೆ ಎಂದು ನಿಮಗೆ ಗೊತ್ತಿರಬಹುದು. ಆದರೂ ಒಮ್ಮೆ ಹೇಳುತ್ತೇನೆ. 2024ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಪ್ರಕಾರ, 2021ರಲ್ಲಿ ಸುಮಾರು 340 ಕೋಟಿ ಜನರಿಗೆ ನರಮಂಡಲದ ಒಂದಲ್ಲ ಒಂದು ತೊಂದರೆ ಇತ್ತು. ಅಂದರೆ ಜಗತ್ತಿನ ಜನಸಂಖ್ಯೆಯಲ್ಲಿ ಶೇಕಡ 43. ಇದರಲ್ಲಿ ಮೈಗ್ರೇನ್ ಇದೆ, ಸಕ್ಕರೆ ಕಾಯಿಲೆಯಿಂದ ಬರುವ ನರದ ಹಾನಿ ಇದೆ, ಪಾರ್ಶ್ವವಾಯು ಇದೆ, ಮೂರ್ಛೆ ರೋಗ ಇದೆ, ಮರೆವಿನ ಕಾಯಿಲೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಈ ಮರೆವಿನ ಕಾಯಿಲೆಯ, ಅಂದರೆ ಡಿಮೆನ್ಷಿಯಾದ, ಖರ್ಚೇ 2019ರಲ್ಲಿ 1.3 ಲಕ್ಷ ಕೋಟಿ ಡಾಲರ್. ಅದರಲ್ಲಿ ಸುಮಾರು ಅರ್ಧ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಕಾಣುವುದಿಲ್ಲ. ಮನೆಯವರು, ಹತ್ತಿರದವರು ಸಂಬಳವಿಲ್ಲದೆ ಮಾಡುವ ಆರೈಕೆಯ ಬೆಲೆ ಅದು. ಆ ಆರೈಕೆಯ ಗಂಟೆಗಳಲ್ಲಿ ಶೇಕಡ 70ರಷ್ಟು ಹೆಂಗಸರದ್ದು. ಸಂಶೋಧನೆಗೆ ಹಣ ಇಲ್ಲ ಎಂದಾಗ ಖರ್ಚು ಉಳಿಯುವುದಿಲ್ಲ. ಅದು ನಿಮ್ಮ ಲೆಕ್ಕದ ಪುಸ್ತಕದಿಂದ ಜಾರಿ ಈ ಮನೆಗಳ ಮೇಲೆ ಬೀಳುತ್ತದೆ.

ಈಗ ಒಂದು ಕಾಯಿಲೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾರ್ವಜನಿಕ ಹಣ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಇದು.

ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಚಿಕ್ಕದಾಗಿ ಎಸ್‌ಎಂಎ, ಹುಟ್ಟಿನಿಂದ ಬರುವ ಕಾಯಿಲೆ. ಸ್ನಾಯುಗಳನ್ನು ಆಡಿಸುವ ಬೆನ್ನುಹುರಿಯ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ತೀವ್ರ ರೂಪದಲ್ಲಿ ಮಗು ಕೂರಲು ಕಲಿಯುವುದೇ ಇಲ್ಲ. ನುಂಗುವುದು, ಉಸಿರಾಡುವುದು ಕಷ್ಟವಾಗುತ್ತಾ ಹೋಗುತ್ತದೆ. ಉಸಿರಾಟದ ಯಂತ್ರವಿಲ್ಲದಿದ್ದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ತುಂಬುವ ಮುಂಚೆಯೇ ತೀರಿಕೊಳ್ಳುತ್ತಿದ್ದರು.

ಇದಕ್ಕೆ ಔಷಧ ಬಂದ ದಾರಿ ಎಲ್ಲಿ ಶುರುವಾಯಿತು ಗೊತ್ತೇ? 1977ರಲ್ಲಿ, ನೆಗಡಿ ತರುವ ಅಡಿನೊವೈರಸ್ ಎಂಬ ವೈರಾಣುವಿನಲ್ಲಿ. ಅಮೆರಿಕದ ಎರಡು ಪ್ರಯೋಗಾಲಯಗಳು, ಫಿಲಿಪ್ ಶಾರ್ಪ್ ಅವರದು ಮತ್ತು ರಿಚರ್ಡ್ ರಾಬರ್ಟ್ಸ್ ಅವರದು, ಆ ವೈರಾಣುವಿನ ಜೀನ್‌ಗಳು ತುಂಡು ತುಂಡಾಗಿ ಇರುವುದನ್ನು ಕಂಡವು. ಜೀವಕೋಶ ಮೊದಲು ಇಡೀ ಜೀನ್‌ನ ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಬೇಡದ ಭಾಗ ಕತ್ತರಿಸಿ ಹಾಕಿ, ಬೇಕಾದ ತುಂಡುಗಳನ್ನು ಜೋಡಿಸುತ್ತದೆ. ನಮ್ಮ ಜೀನ್‌ಗಳಲ್ಲಿ ನಡೆಯುವುದೂ ಇದೇ. ಆಗ ಆ ಕೆಲಸಕ್ಕೂ ಮಕ್ಕಳ ಕಾಯಿಲೆಗೂ ಏನು ಸಂಬಂಧ ಎಂದು ಕೇಳಿದ್ದರೆ ಯಾರೂ ಉತ್ತರ ಕೊಡಲು ಆಗುತ್ತಿರಲಿಲ್ಲ.

1995ರಲ್ಲಿ ಜೂಡಿತ್ ಮೆಲ್ಕಿ ಅವರ ನೇತೃತ್ವದ ಫ್ರಾನ್ಸಿನ ತಂಡ ಎಸ್‌ಎಂಎಗೆ ಕಾರಣವಾದ ಜೀನನ್ನು ಹುಡುಕಿತು. ಅದರ ಜೊತೆ ಇನ್ನೊಂದು ವಿಷಯವೂ ಹೊರಬಿತ್ತು. ಈ ಮಕ್ಕಳಲ್ಲಿ ಕೆಟ್ಟುಹೋದ ಜೀನ್‌ಗೆ ಹೆಚ್ಚುಕಡಿಮೆ ಅದೇ ರೀತಿಯ ಇನ್ನೊಂದು ಜೀನ್ ಪಕ್ಕದಲ್ಲೇ ಇದೆ. ಆದರೆ ಜೀನ್‌ನ ಬರಹದಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸದಿಂದ, ಜೋಡಿಸುವಾಗ ಅದರ ಒಂದು ಮುಖ್ಯ ತುಂಡು ಬಿಟ್ಟುಹೋಗುತ್ತದೆ. ಹಾಗಾಗಿ ಬೇಕಾದ ಪ್ರೋಟೀನ್ ತೀರಾ ಕಡಿಮೆ ತಯಾರಾಗುತ್ತದೆ. 1977ರಲ್ಲಿ ಕಂಡ ಕತ್ತರಿಸಿ ಜೋಡಿಸುವ ಕೆಲಸ ಇಲ್ಲಿ ಇದ್ದಕ್ಕಿದ್ದಂತೆ ಮಕ್ಕಳ ಪ್ರಾಣದ ಪ್ರಶ್ನೆಯಾಯಿತು. ಆ ಜೋಡಣೆಯ ಒಳಗುಟ್ಟನ್ನೇ ವರ್ಷಗಟ್ಟಲೆ ಅಧ್ಯಯನ ಮಾಡುತ್ತಿದ್ದ ಏಡ್ರಿಯನ್ ಕ್ರೇನರ್ ಅವರ ಪ್ರಯೋಗಾಲಯ, ಒಂದು ಕಂಪನಿಯ ಜೊತೆ ಸೇರಿ, ಬಿಟ್ಟುಹೋಗುವ ತುಂಡನ್ನು ಮತ್ತೆ ಸೇರಿಸುವ ಔಷಧ ರೂಪಿಸಿತು. ಅದರ ಹೆಸರು ನುಸಿನರ್ಸೆನ್. 2016ರ ಡಿಸೆಂಬರ್‌ನಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಲಕ್ಷಣ ಕಾಣುವ ಮೊದಲೇ ಈ ಔಷಧ ಪಡೆದ ಮಕ್ಕಳು ಕೂತರು. ಅವರಲ್ಲಿ ಬಹಳಷ್ಟು ಮಂದಿ ಎದ್ದು ನಡೆದರು.

1977ರಿಂದ 2016ಕ್ಕೆ 39 ವರ್ಷ. ಈ ಅವಧಿಯಲ್ಲಿ ಎಷ್ಟು ಸರ್ಕಾರಗಳು ಬಂದು ಹೋದವು, ಎಷ್ಟು ಬಜೆಟ್‌ಗಳು ಮಂಡನೆಯಾದವು, ಯೋಚಿಸಿ. ನಡುವೆ ಎಲ್ಲಾದರೂ ಯಾರಾದರೂ "ವೈರಾಣುವಿನ ಜೀನ್ ನೋಡಿ ಏನು ಪ್ರಯೋಜನ, ಸಾಕು ಮಾಡಿ" ಅಂದಿದ್ದರೆ ಆ ಮಕ್ಕಳ ಪಾಡು ಏನಾಗುತ್ತಿತ್ತು?

ಹೀಗೆ ಬಂದ ತಿಳಿವಳಿಕೆ ಇದೊಂದೇ ಅಲ್ಲ. ನರದಲ್ಲಿ ವಿದ್ಯುತ್ ಸಂಕೇತ ಹೇಗೆ ಹರಿಯುತ್ತದೆ ಎಂದು ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ತೋರಿಸಿದ್ದು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದಲ್ಲಿ. ಮೂರ್ಛೆ ರೋಗದ ಎಷ್ಟೋ ಮಾತ್ರೆಗಳು ಹೇಗೆ ಕೆಲಸ ಮಾಡುತ್ತವೆ ಎಂದು ಅರ್ಥವಾಗಲು ಆ ಕೆಲಸವೇ ತಳಪಾಯ. ಪಾಚಿಯಲ್ಲಿ ಬೆಳಕಿಗೆ ಸ್ಪಂದಿಸುವ ಪ್ರೋಟೀನ್‌ಗಳನ್ನು ಹುಡುಕಿದವರಿಗೆ ಕಣ್ಣಿನ ಚಿಕಿತ್ಸೆಯ ಯೋಚನೆಯೇ ಇರಲಿಲ್ಲ. ಆದರೆ 2021ರಲ್ಲಿ, ದಶಕಗಳಿಂದ ಕುರುಡಾಗಿದ್ದ ಒಬ್ಬ ವ್ಯಕ್ತಿ ಅಂಥದ್ದೇ ಪ್ರೋಟೀನ್ ಮತ್ತು ವಿಶೇಷ ಕನ್ನಡಕದ ಸಹಾಯದಿಂದ ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿದ ವರದಿ ಬಂತು.

ನನ್ನ ಅಮ್ಮನಿಗೆ ಪಾರ್ಕಿನ್‌ಸನ್ಸ್ ಇದೆ. ನಡುಕ ತಂದು ಓಡಾಟವನ್ನು ಕಷ್ಟ ಮಾಡುವ ನರರೋಗ ಅದು. ಅವಳ ದಿನ ನಡೆಯುವುದು ಲೆವೊಡೋಪಾ ಮಾತ್ರೆಯ ಮೇಲೆ. ಮಾತ್ರೆ ಹಿಡಿದಾಗ ಎದ್ದು ನಡೆಯುತ್ತಾಳೆ, ತನ್ನ ಗುಂಡಿ ತಾನೇ ಹಾಕಿಕೊಳ್ಳುತ್ತಾಳೆ. ಅದರ ಬಲ ಇಳಿದಾಗ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಾಳೆ. ಪ್ರೋಟೀನ್ ಜಾಸ್ತಿ ಇರುವ ಊಟದ ಜೊತೆ ತೆಗೆದುಕೊಂಡರೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಊಟಕ್ಕೂ ಗಡಿಯಾರ. ಈ ಔಷಧದ ಬೀಜ ಬಿದ್ದದ್ದು 1957ರಲ್ಲಿ. ಸ್ವೀಡನ್ನಿನ ಆರ್ವಿದ್ ಕಾರ್ಲ್‌ಸನ್ ಮತ್ತು ಅವರ ಜೊತೆಗಾರರು ಒಂದು ಔಷಧ ಕೊಟ್ಟು ಮೊಲಗಳನ್ನು ಅಲುಗಾಡದಂತೆ ಮಾಡಿ, ಆಮೇಲೆ ಡೋಪಾ ಚುಚ್ಚಿದಾಗ (ಮೆದುಳು ಇದನ್ನು ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವಾಗಿ ಬದಲಾಯಿಸುತ್ತದೆ) ಅವು ಮತ್ತೆ ಓಡಾಡಿದವು. 1960ರಲ್ಲಿ ವಿಯೆನ್ನಾದಲ್ಲಿ ಹೋರ್ನಿಕೀವಿಚ್ ಅವರು, ಈ ಕಾಯಿಲೆಯಿಂದ ತೀರಿಕೊಂಡವರ ಮೆದುಳಿನಲ್ಲಿ ಡೋಪಮಿನ್ ತೀರಾ ಕಡಿಮೆ ಇರುವುದನ್ನು ತೋರಿಸಿದರು. 1967ರಲ್ಲಿ ಕಾಟ್ಜಿಯಾಸ್ ಅವರು ಡೋಪಾದ ಪ್ರಮಾಣ ಹೆಚ್ಚಿಸಿ ಬಾಯಿಯ ಮೂಲಕ ಕೊಟ್ಟು ಇದು ನಿಜವಾದ ಚಿಕಿತ್ಸೆ ಎಂದು ಸಾಬೀತು ಮಾಡಿದರು.

ಅರ್ಧ ಶತಮಾನಕ್ಕಿಂತ ಜಾಸ್ತಿ ಆಯಿತು. ಇವತ್ತಿಗೂ ಪಾರ್ಕಿನ್‌ಸನ್ಸ್‌ಗೆ ಅದಕ್ಕಿಂತ ಪರಿಣಾಮಕಾರಿ ಮಾತ್ರೆ ಇಲ್ಲ. ಆ ಮಾತ್ರೆಗೆ ನಾನು ದಿನಾ ಕೃತಜ್ಞಳು. ಆದರೆ ಅದು ಲಕ್ಷಣವನ್ನು ತಡೆಯುತ್ತದೆಯೇ ಹೊರತು ನರಕೋಶ ಸಾಯುವುದನ್ನು ತಡೆಯುವುದಿಲ್ಲ. ಆ ಸಾವನ್ನು ನಿಧಾನ ಮಾಡುತ್ತದೆ ಎಂದು ಸಾಬೀತಾದ ಒಂದು ಔಷಧವೂ ನಮ್ಮ ಕೈಯಲ್ಲಿಲ್ಲ. ಪಾರ್ಕಿನ್‌ಸನ್ಸ್ ಇರುವವರ ಮನೆಗಳಲ್ಲಿ ಕಾಯುತ್ತಿರುವುದು ಅದಕ್ಕಾಗಿ.

ಕಂಪನಿಗಳು ಮಾಡಲಿ ಎನ್ನುವ ಮಾತು ನಿಮ್ಮ ಸಭೆಗಳಲ್ಲಿ ಬರುತ್ತದೆ, ಅಲ್ವಾ? ಕಂಪನಿಗಳ ಮೇಲೆ ನನಗೆ ಕೋಪವಿಲ್ಲ. ಔಷಧವನ್ನು ಕೊನೆಯ ಹಂತ ದಾಟಿಸಿ ರೋಗಿಯ ಕೈಗೆ ತಲುಪಿಸುವ ಕೆಲಸವನ್ನು ಅವರೇ ಚೆನ್ನಾಗಿ ಮಾಡುತ್ತಾರೆ. ಆದರೆ ಅವರು ಷೇರುದಾರರಿಗೆ ಉತ್ತರ ಕೊಡಬೇಕು. ಮೆದುಳಿನ ಔಷಧಗಳ ಪ್ರಯೋಗಗಳು ಬೇರೆ ಕಾಯಿಲೆಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತವೆ, ಹೆಚ್ಚು ಸೋಲುತ್ತವೆ. 2018ರ ಜನವರಿಯಲ್ಲಿ ಫೈಝರ್ ಕಂಪನಿ ಆಲ್‌ಝೈಮರ್ಸ್ ಮತ್ತು ಪಾರ್ಕಿನ್‌ಸನ್ಸ್‌ಗೆ ಹೊಸ ಔಷಧ ಹುಡುಕುವ ಕೆಲಸವನ್ನೇ ನಿಲ್ಲಿಸುವುದಾಗಿ ಹೇಳಿತು. ಸುಮಾರು 300 ಹುದ್ದೆಗಳು ಹೋದವು. ವ್ಯಾಪಾರದ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ರೋಗಿಗಳಿಗೆ ಹಾಗೆ ಎದ್ದು ಹೋಗುವ ಅವಕಾಶವಿಲ್ಲ. ಅವರ ಪರವಾಗಿ ಉಳಿಯಬೇಕಾದವರು ನೀವು.

ಇನ್ನು ಕೆಲವು ಪ್ರಶ್ನೆಗಳಿವೆ, ಅವುಗಳ ಉತ್ತರದಿಂದ ಯಾವ ಕಂಪನಿಗೂ ದುಡ್ಡಿನ ಲಾಭ ಬರುವುದಿಲ್ಲ. ಗರ್ಭದಲ್ಲಿರುವ ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಸ್ಪೈನಾ ಬೈಫಿಡಾದಂಥ ದೋಷ ಬರುತ್ತದೆ. ಫೋಲಿಕ್ ಆಸಿಡ್ ಅದನ್ನು ತಡೆಯುತ್ತದೆಯೇ ಎಂದು ಬ್ರಿಟನ್ನಿನ ಸಾರ್ವಜನಿಕ ಸಂಸ್ಥೆಯಾದ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಏಳು ದೇಶಗಳಲ್ಲಿ ಪರೀಕ್ಷೆ ನಡೆಸಿತು. 1991ರಲ್ಲಿ ಫಲಿತಾಂಶ ಬಂತು: ಮೊದಲು ಇಂಥ ದೋಷದ ಮಗು ಆಗಿದ್ದ ತಾಯಂದಿರಲ್ಲಿ ಅದು ಮರುಕಳಿಸುವುದು ಶೇಕಡ 72ರಷ್ಟು ಕಡಿಮೆಯಾಯಿತು. ಫೋಲಿಕ್ ಆಸಿಡ್ ಒಂದು ಸಾಮಾನ್ಯ ವಿಟಮಿನ್, ತೀರಾ ಅಗ್ಗ, ಯಾರ ಪೇಟೆಂಟೂ ಇಲ್ಲ. ಅದನ್ನು ಪರೀಕ್ಷಿಸಲು ಕೋಟಿಗಟ್ಟಲೆ ಸುರಿಯುವ ಕಂಪನಿ ಎಲ್ಲಿದೆ? ಬಸುರಿಯರಿಗೆ ರಕ್ತದೊತ್ತಡ ಏರಿ ಬರುವ ಫಿಟ್ಸ್‌ಗೆ ಮೆಗ್ನೀಸಿಯಂ ಸಲ್ಫೇಟ್ ಬೇರೆ ಔಷಧಗಳಿಗಿಂತ ಒಳ್ಳೆಯದು ಎಂದು 1995ರಲ್ಲಿ ಹಲವು ದೇಶಗಳ ಪ್ರಯೋಗ ತೋರಿಸಿದ್ದೂ ಇಂಥದ್ದೇ ಕೆಲಸ. ಅದೂ ಒಂದು ಸಾಮಾನ್ಯ ಉಪ್ಪು. ಅದೇ ವರ್ಷ ಅಮೆರಿಕದ ಸರ್ಕಾರಿ ನರರೋಗ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ, ಪಾರ್ಶ್ವವಾಯು ಹೊಡೆದ ಮೂರು ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಅಂಗವೈಕಲ್ಯದಿಂದ ಪಾರಾಗುವ ಸಾಧ್ಯತೆ ಹೆಚ್ಚುತ್ತದೆ ಎಂದು ಗೊತ್ತಾಯಿತು. ಇವತ್ತು ಲಕ್ವ ಹೊಡೆದ ತಕ್ಷಣ ಆಸ್ಪತ್ರೆಗೆ ಓಡಿ ಎಂದು ಹೇಳುವುದರ ಹಿಂದೆ ಆ ಪ್ರಯೋಗ ಇದೆ.

ಬಡವರಿಗೆ ಬರುವ ನರರೋಗಗಳ ಕಡೆಗೂ ನೋಡಿ. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿದರೆ ಅದರ ಮರಿಗಳು ಮೆದುಳಿನಲ್ಲಿ ಗಂಟು ಕಟ್ಟಿ ಫಿಟ್ಸ್ ತರಬಹುದು. ಈ ಹುಳುವಿನ ಹಾವಳಿ ಇರುವ ಅನೇಕ ಕಡೆ ಮೂರ್ಛೆ ರೋಗದ ಶೇಕಡ 30ರಷ್ಟಕ್ಕೆ ಇದೇ ಕಾರಣ. ಇದು ಪೂರ್ತಿ ತಡೆಯಬಹುದಾದ ಕಾಯಿಲೆ. ಜಗತ್ತಿನಲ್ಲಿ ಮೂರ್ಛೆ ರೋಗ ಇರುವ ಸುಮಾರು 5 ಕೋಟಿ ಜನರಲ್ಲಿ ಶೇಕಡ 80ರಷ್ಟು ಮಂದಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಸರಿಯಾಗಿ ಪತ್ತೆ ಮಾಡಿ ಚಿಕಿತ್ಸೆ ಕೊಟ್ಟರೆ ಇವರಲ್ಲಿ ಶೇಕಡ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು. ಅವರಿಗೆ ಬೇಕಾದದ್ದು ಈಗಾಗಲೇ ಇರುವ ಮಾತ್ರೆ. ಅದನ್ನು ತಲುಪಿಸುವುದು ಹೇಗೆ, ಅಪವಾದದ ಭಯದಿಂದ ಬಚ್ಚಿಡುವ ಮನೆಗಳನ್ನು ಒಲಿಸುವುದು ಹೇಗೆ ಎನ್ನುವುದೂ ಸಂಶೋಧನೆಯೇ. ಉಳಿದವರಿಗೆ, ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ, ಯಾವ ಮಾತ್ರೆಯೂ ಹಿಡಿಯುವುದಿಲ್ಲ. ಕಳೆದ ಕೆಲವು ದಶಕಗಳಲ್ಲಿ ಎಷ್ಟೋ ಹೊಸ ಔಷಧ ಬಂದರೂ ಈ ಪಾಲು ಹೆಚ್ಚು ಬದಲಾಗಿಲ್ಲ. ಅವರಿಗೆ ಹೊಸ ತಿಳಿವಳಿಕೆಯೇ ಬೇಕು.

ಹಣ ನಡುವೆ ನಿಂತಾಗ ಏನಾಗುತ್ತದೆ? ಹಲವು ವರ್ಷ ತರಬೇತಿ ಪಡೆದ ಯುವ ವಿಜ್ಞಾನಿ ಬೇರೆ ಕೆಲಸಕ್ಕೆ ಹೋಗುತ್ತಾಳೆ, ತಿರುಗಿ ಬರುವುದಿಲ್ಲ. ವರ್ಷವರ್ಷವೂ ಪರೀಕ್ಷಿಸಬೇಕಾದ ರೋಗಿಗಳ ಗುಂಪಿನಲ್ಲಿ ಎರಡು ವರ್ಷದ ಮಾಹಿತಿ ಇಲ್ಲವಾಗುತ್ತದೆ. ಆಮೇಲೆ ಎರಡು ಪಟ್ಟು ಹಣ ಕೊಟ್ಟರೂ ಕಳೆದ ಆ ವರ್ಷಗಳನ್ನು ಅಳೆಯಲು ಆಗುವುದಿಲ್ಲ. ಅಮೆರಿಕದ ಸರ್ಕಾರಿ ಮೆದುಳು ಸಂಶೋಧನಾ ಯೋಜನೆಯಾದ ಬ್ರೇನ್ ಇನಿಶಿಯೇಟಿವ್ ಶುರುವಾದದ್ದು 2013ರಲ್ಲಿ, ದೊಡ್ಡ ಭರವಸೆಯೊಂದಿಗೆ. ಅದಕ್ಕೆ 2023ರಲ್ಲಿ ಸುಮಾರು 68 ಕೋಟಿ ಡಾಲರ್ ಸಿಕ್ಕಿತ್ತು. ಮರುವರ್ಷ ಅದು ಸುಮಾರು 40 ಕೋಟಿಗೆ ಇಳಿಯಿತು. ಅದೇ 2024ರಲ್ಲಿ ಇಂಥ ಬೆಂಬಲ ಪಡೆದ ಕೆಲಸದಿಂದಲೇ ಹಣ್ಣುನೊಣದ ಇಡೀ ಮೆದುಳಿನ ನಕ್ಷೆ ಹೊರಬಂತು. ಅದರಲ್ಲಿ ಸುಮಾರು 1.39 ಲಕ್ಷ ನರಕೋಶಗಳಿವೆ. ಮನುಷ್ಯನ ಮೆದುಳಿನಲ್ಲಿ ಇರುವುದು ಸುಮಾರು 8,600 ಕೋಟಿ. ಹೋಗಬೇಕಾದ ದಾರಿ ಇನ್ನೂ ಅಷ್ಟಿದೆ, ಹಣ ಮಾತ್ರ ಆಗಲೇ ಕಡಿಮೆಯಾಯಿತು.

ಕಾದವರಿಗೆ ಏನು ಸಿಗುತ್ತದೆ ಎನ್ನುವುದಕ್ಕೆ ಮಲ್ಟಿಪಲ್ ಸ್ಕ್ಲಿರೋಸಿಸ್ ನೋಡಿ. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಹೊದಿಕೆಯನ್ನು ತಿನ್ನುವ ಕಾಯಿಲೆ ಇದು. ಎಪ್‌ಸ್ಟೈನ್ ಬಾರ್ ಎಂಬ ವೈರಾಣು ಇದಕ್ಕೆ ಕಾರಣ ಇರಬಹುದು ಎಂಬ ಅನುಮಾನ ಬಹಳ ಹಳೆಯದು. ಆದರೆ ಆ ವೈರಾಣು ಹೆಚ್ಚುಕಡಿಮೆ ಎಲ್ಲರ ಮೈಯಲ್ಲೂ ಇರುತ್ತದೆ. ಹಾಗಿದ್ದ ಮೇಲೆ ಸಾಬೀತು ಮಾಡುವುದು ಹೇಗೆ? ಅಮೆರಿಕದ ಸೇನೆಯಲ್ಲಿ ಎಚ್‌ಐವಿ ಪರೀಕ್ಷೆಗೆಂದು ತೆಗೆದ ರಕ್ತದ ಉಳಿಕೆಯನ್ನು ವರ್ಷಗಳ ಕಾಲ ಕಾಪಾಡಿ ಇಟ್ಟಿದ್ದರು. ಒಂದು ಕೋಟಿಗೂ ಹೆಚ್ಚು ಜನರ ಆ ಸಂಗ್ರಹವನ್ನು ಬಳಸಿ 2022ರಲ್ಲಿ ಸಂಶೋಧಕರು ತೋರಿಸಿದರು: ಈ ವೈರಾಣು ತಗುಲಿದ ಮೇಲೆ ಮಲ್ಟಿಪಲ್ ಸ್ಕ್ಲಿರೋಸಿಸ್ ಬರುವ ಅಪಾಯ 32 ಪಟ್ಟು ಹೆಚ್ಚುತ್ತದೆ. ಜಾಗ ಇಲ್ಲ, ಕರೆಂಟ್ ಖರ್ಚು ಎಂದು ಯಾರಾದರೂ ಆ ಸಂಗ್ರಹವನ್ನು ಎಸೆದಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ. ರಕ್ತ ಮತ್ತು ಮೆದುಳಿನ ಅಂಗಾಂಶ ಕಾಪಾಡುವ ಬ್ಯಾಂಕುಗಳಿಗೆ ಕೊಡುವ ಹಣ ಯಾವ ಸುದ್ದಿಯಲ್ಲೂ ಬರುವುದಿಲ್ಲ. ದಯವಿಟ್ಟು ಅದನ್ನು ಕತ್ತರಿಸಬೇಡಿ.

ಹಣ ಜಾಸ್ತಿ ಕೊಟ್ಟರೆ ಸಾಕು ಎಂದು ನಾನು ಹೇಳುತ್ತಿಲ್ಲ. ಹೇಗೆ ಕೊಡುತ್ತೀರಿ ಎನ್ನುವುದೂ ಅಷ್ಟೇ ಮುಖ್ಯ. ಯುರೋಪಿನ ಹ್ಯೂಮನ್ ಬ್ರೇನ್ ಪ್ರಾಜೆಕ್ಟ್ 2013ರಲ್ಲಿ ಶುರುವಾದಾಗ, ಇಡೀ ಮನುಷ್ಯನ ಮೆದುಳನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತೇವೆ ಎಂಬ ಮಾತಿತ್ತು. ಮರುವರ್ಷವೇ ನೂರಾರು ನರವಿಜ್ಞಾನಿಗಳು, ಇದರ ಗುರಿ ತೀರಾ ಕಿರಿದಾಗಿದೆ, ಆಡಳಿತ ಸರಿಯಿಲ್ಲ ಎಂದು ಬಹಿರಂಗ ಪತ್ರ ಬರೆದರು. 2023ರಲ್ಲಿ ಯೋಜನೆ ಮುಗಿಯಿತು. ಮೆದುಳಿನ ಒಳ್ಳೆಯ ನಕಾಶೆಗಳು, ಎಲ್ಲರೂ ಬಳಸಬಹುದಾದ ಸಾಧನಗಳು ಸಿಕ್ಕವು. ಮೊದಲು ಹೇಳಿದ ಮೆದುಳು ಮಾತ್ರ ಸಿಗಲಿಲ್ಲ. ಆಲ್‌ಝೈಮರ್ಸ್‌ನಲ್ಲೂ ದಶಕಗಳ ಕಾಲ ಹಣದ ದೊಡ್ಡ ಪಾಲು ಅಮಿಲಾಯ್ಡ್ ಎಂಬ ಒಂದೇ ಪ್ರೋಟೀನಿನ ಹಿಂದೆ ಹೋಯಿತು. ಅದರಿಂದ ಬಂದ ಲೆಕಾನೆಮ್ಯಾಬ್ ಔಷಧ 18 ತಿಂಗಳ ಪ್ರಯೋಗದಲ್ಲಿ ಕಾಯಿಲೆಯ ಓಟವನ್ನು ಶೇಕಡ 27ರಷ್ಟು ನಿಧಾನ ಮಾಡಿತು. ಮೆದುಳು ಊದುವ, ರಕ್ತ ಒಸರುವ ಅಪಾಯವೂ ಅದರ ಜೊತೆ ಇದೆ. ಇದನ್ನು ನಾನು ಸಣ್ಣದು ಎಂದು ತಳ್ಳಿಹಾಕುವುದಿಲ್ಲ. ಆದರೆ ಬೇರೆ ದಾರಿ ಹಿಡಿದವರಿಗೂ ಮೊದಲಿನಿಂದಲೇ ಸ್ವಲ್ಪ ಆಸರೆ ಸಿಕ್ಕಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಒಂದೇ ಕಡೆ ಸುರಿಯುವ ಬದಲು ಹಲವು ಸಣ್ಣ ತಂಡಗಳಿಗೆ ಏಳೆಂಟು ವರ್ಷದ ಭರವಸೆ ಕೊಡಿ. ಸೋತ ಪ್ರಯೋಗದ ಫಲಿತಾಂಶವನ್ನೂ ಪ್ರಕಟಿಸಬೇಕು ಎಂದು ಷರತ್ತು ಹಾಕಿ. ಇಲ್ಲದಿದ್ದರೆ ಇನ್ನೊಂದು ತಂಡ ಅದೇ ಗೋಡೆಗೆ ಹೋಗಿ ತಲೆ ಹೊಡೆದುಕೊಳ್ಳುತ್ತದೆ.

ಇನ್ನೊಂದು ಷರತ್ತೂ ಬೇಕು. ಎಸ್‌ಎಂಎ ಔಷಧದ ಬೇರಿಗೆ ಜನರ ದುಡ್ಡು ನೀರೆರೆದಿತ್ತು. ಔಷಧ ಬಂದಾಗ ಮೊದಲ ವರ್ಷದ ಬೆಲೆ ಏಳೂವರೆ ಲಕ್ಷ ಡಾಲರ್. 2019ರಲ್ಲಿ ಅದೇ ಕಾಯಿಲೆಗೆ ಬಂದ ಜೀನ್ ಚಿಕಿತ್ಸೆಯ ಬೆಲೆ 21 ಲಕ್ಷ ಡಾಲರಿಗೂ ಹೆಚ್ಚು. ಜಗತ್ತಿನ ಬಹುಪಾಲು ಮಕ್ಕಳಿಗೆ ಅದು ಇದ್ದೂ ಇಲ್ಲದ ಹಾಗೆ. ಮನೆತನದಲ್ಲಿ ಹರಿದು ಬರುವ ಹಂಟಿಂಗ್ಟನ್ಸ್ ಎಂಬ ನರರೋಗದ ಜೀನ್ ಸಿಕ್ಕಿದ್ದು 1993ರಲ್ಲಿ. ಅದಕ್ಕೆ ದೊಡ್ಡ ಆಧಾರವಾದದ್ದು ವೆನೆಜುವೆಲಾದ ಮರಕೈಬೊ ಸರೋವರದ ದಡದ ಬಡ ಕುಟುಂಬಗಳು ಕೊಟ್ಟ ರಕ್ತ. ನಾಳೆ ಆ ಕಾಯಿಲೆಯನ್ನು ತಡೆಯುವ ಔಷಧ ಬಂದರೆ ಆ ಮನೆಗಳಿಗೆ ಸಿಗಬೇಕೋ ಬೇಡವೋ? ಸಾರ್ವಜನಿಕ ಹಣದಿಂದ ಮೊಳೆತ ಔಷಧದ ಬೆಲೆಯ ಬಗ್ಗೆ ಸಾರ್ವಜನಿಕರ ಪರವಾಗಿ ಮಾತಾಡುವ ಹಕ್ಕನ್ನು ಅನುದಾನದ ಒಪ್ಪಂದದಲ್ಲೇ ಬರೆದಿಡಿ. ಔಷಧ ತಯಾರಾದ ಮೇಲೆ ಕೇಳಲು ಹೋದರೆ ತಡವಾಗಿರುತ್ತದೆ.

ಹಣ ಹಂಚುವ ಸಮಿತಿಗಳಲ್ಲಿ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಜಾಗ ಕೊಡಿ. ಅವರನ್ನು ಸುಮ್ನೆ ಹೆಸರಿಗೆ ಕೂರಿಸಬೇಡಿ, ಮತ ಹಾಕುವ ಅಧಿಕಾರವೂ ಇರಲಿ. ನಡುಕವನ್ನು ಎಷ್ಟು ಕಡಿಮೆ ಮಾಡಿತು ಎಂದು ಅಳೆಯುವ ಪ್ರಯೋಗಗಳು ಬಹಳ ಇವೆ. ಅಮ್ಮನನ್ನು ಕೇಳಿದರೆ ನಡುಕ ಇರಲಿ ಬಿಡು, ರಾತ್ರಿ ನಿದ್ದೆ ಬರಲಿ, ಮಲಬದ್ಧತೆ ಹೋಗಲಿ ಎನ್ನುತ್ತಾಳೆ. ಇಂಥ ಮಾತು ಕೇಳಿಸಿಕೊಂಡರೆ ಯಾವುದನ್ನು ಮೊದಲು ಸಂಶೋಧಿಸಬೇಕು ಎಂಬ ಪಟ್ಟಿಯೇ ಬೇರೆಯಾಗುತ್ತದೆ.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಮೂರ್ಛೆ ರೋಗ ಮತ್ತು ಇತರ ನರರೋಗಗಳಿಗೆ 2031ರವರೆಗಿನ ಕ್ರಿಯಾ ಯೋಜನೆಯನ್ನು ಒಪ್ಪಿಕೊಂಡವು. ನರರೋಗಗಳ ಸಂಶೋಧನೆಯನ್ನು 2031ರೊಳಗೆ ಎರಡು ಪಟ್ಟು ಮಾಡಬೇಕು ಎನ್ನುವುದು ಅದರ ಗುರಿಗಳಲ್ಲಿ ಒಂದು. ಅದನ್ನು ಒಪ್ಪಿದ ಸರ್ಕಾರಗಳಲ್ಲಿ ನಿಮ್ಮದೂ ಇರಬಹುದು. ಹಾಗಿದ್ದರೆ ಮುಂದಿನ ಬಜೆಟ್ಟಿನಲ್ಲಿ ಎರಡು ಅಂಕಿಗಳನ್ನು ಜನರ ಮುಂದೆ ಇಡಿ: ಒಂದು, ಈ ಕಾಯಿಲೆಗಳ ಸಂಶೋಧನೆಗೆ ಈ ವರ್ಷ ಕೊಟ್ಟದ್ದೆಷ್ಟು, ಇನ್ನೊಂದು, ನಿಮ್ಮ ಅಧಿಕಾರದ ಅವಧಿ ಮುಗಿದ ಮೇಲೂ ಮುಂದುವರಿಯುವಂತೆ ಕಟ್ಟಿಟ್ಟದ್ದೆಷ್ಟು. ಎರಡನೆಯ ಅಂಕಿ ಸೊನ್ನೆಯಾಗಿದ್ದರೆ ಅದನ್ನು ಬದಲಾಯಿಸುವ ಕೆಲಸ ಅಲ್ಲಿಂದಲೇ ಶುರು ಮಾಡಿ.

ಇಂತಿ ವಿಶ್ವಾಸದಿಂದ,
ಪಾರ್ಕಿನ್‌ಸನ್ಸ್ ರೋಗಿಯೊಬ್ಬರ ಮಗಳು